ಬಾಸ್ ಸತ್ತ ಮೇಲೆ ಮಾಲು ಯಾರಿಗೆ? ಲೂಟ್ ಲೆಕ್ಕದ ಇಪ್ಪತ್ತೈದು ವರ್ಷ

ಇವತ್ತಿನ ಕಥೆ ಒಂದು ಪದದಿಂದ ಶುರು: ಲೂಟ್. ಇಂಗ್ಲಿಷ್‌ನವರು ಈ ಪದವನ್ನ ನಮ್ಮ ದೇಶದಿಂದಲೇ ತಗೊಂಡು ಹೋದರು, ಹಿಂದಿಯ ಲೂಟ್‌ನಿಂದ. ಕನ್ನಡದಲ್ಲಿ ನಾವು ಲೂಟಿ ಅಂತೀವಿ. ಈಗ ಅದೇ ಪದ ಗೇಮ್‌ಗಳ ಮೂಲಕ ನಮಗೆ ವಾಪಸ್ ಬಂದಿದೆ. ಬಾಸ್ ಸಾಯಿಸಿದ ಮೇಲೆ ಅದರ ಹೆಣದಿಂದ ಸಿಗೋ ಕತ್ತಿ, ಕವಚ, ಉಂಗುರಕ್ಕೆಲ್ಲ ಲೂಟ್ ಅಂತಾರೆ.

ಆದರೆ ಲೂಟ್ ಸಿಕ್ಕಿದ ಮೇಲೆ ಅದನ್ನ ಹಂಚೋದು ಹೇಗೆ? ನಲವತ್ತು ಜನ ಸೇರಿ ಒಂದು ಬಾಸ್ ಹೊಡೆದರೆ ಬೀಳೋದು ಬೆರಳೆಣಿಕೆಯ ಐಟಂ. ಈ ಪ್ರಶ್ನೆಗೆ ಉತ್ತರ ಹುಡುಕ್ತಾ ಆಟಗಾರರು ಪಾಯಿಂಟ್ ಕಂಡುಹಿಡಿದರು, ಹರಾಜು ತಂದರು, ಕೊನೆಗೆ ಆಡ್‌ಆನ್ ಅನ್ನೋ ಸಣ್ಣ ಸಣ್ಣ ಪ್ರೋಗ್ರಾಂ ಬರೆದರು. ನಾನು ಬಿ.ಕಾಂ. ಓದಿದವನು, ಹಂಗಾಗಿ ಇದು ನನಗೆ ಲೆಕ್ಕಪತ್ರದ ಇತಿಹಾಸವಾಗೇ ಕಾಣುತ್ತೆ. ಇದರಲ್ಲಿ ನನ್ನ ಕೈಯಿಂದ ಆದ ಒಂದು ತಪ್ಪೂ ಇದೆ. ಅದನ್ನ ಕೊನೇಲಿ ಹೇಳ್ತೀನಿ.

ಮೊದಲು 1999ಕ್ಕೆ ಹೋಗೋಣ. ಆ ವರ್ಷ ಮಾರ್ಚ್‌ನಲ್ಲಿ ಎವರ್‌ಕ್ವೆಸ್ಟ್ ಅನ್ನೋ ಆನ್‌ಲೈನ್ ಗೇಮ್ ಬಂತು. ಅದರ ಲೋಕದ ಹೆಸರು ನೊರಾತ್. ಅಲ್ಲಿ ಲಾರ್ಡ್ ನಾಗಾಫೆನ್, ಲೇಡಿ ವಾಕ್ಸ್ ಅಂತ ಎರಡು ಡ್ರ್ಯಾಗನ್‌ಗಳಿದ್ದವು. ಒಬ್ಬಿಬ್ಬರಿಂದ ಅವನ್ನ ಹೊಡೆಯೋಕೆ ಆಗ್ತಾ ಇರಲಿಲ್ಲ, ದೊಡ್ಡ ತಂಡವೇ ಬೇಕಿತ್ತು. ಹೊಡೆದ ಮೇಲೆ ಜಗಳ. ಹಂಚೋಕೆ ಗೇಮ್ ಒಳಗೆ ನ್ಯಾಯದ ದಾರಿ ಇರಲಿಲ್ಲ.

ಆಗ ಥಾಟ್ ಅನ್ನೋ ಹೆಸರಲ್ಲಿ ಆಡ್ತಿದ್ದ ಒಬ್ಬ ಆಟಗಾರ ಆಫ್ಟರ್‌ಲೈಫ್ ಅನ್ನೋ ತನ್ನ ಗಿಲ್ಡ್‌ಗೆ ಒಂದು ಪದ್ಧತಿ ಮಾಡಿದ. ಡ್ರ್ಯಾಗನ್ ಹೊಡೆಯೋಕೆ ಬಂದವರಿಗೆ ಪಾಯಿಂಟ್. ಐಟಂ ಬೇಕಾದರೆ ಆ ಪಾಯಿಂಟ್ ಖರ್ಚು ಮಾಡಬೇಕು. ಹೆಸರು ಡ್ರ್ಯಾಗನ್ ಕಿಲ್ ಪಾಯಿಂಟ್ಸ್, ಚಿಕ್ಕದಾಗಿ ಡಿಕೆಪಿ. ಯೋಚನೆ ಮಾಡಿ ನೋಡಿ, ಇದು ಕೂಲಿ. ಇವತ್ತು ದುಡಿದದ್ದು ಇವತ್ತೇ ಸಿಗದಿದ್ದರೂ ನಿಮ್ಮ ಖಾತೆಗೆ ಜಮಾ ಆಗಿರುತ್ತೆ. ಆಟಗಾರರೇ ಒಂದು ಕರೆನ್ಸಿ ಮಾಡಿಕೊಂಡರು. ಅದನ್ನ ಕಂಪನಿ ಕೊಟ್ಟಿರಲಿಲ್ಲ.

ಇದೆಲ್ಲ ಮಕ್ಕಳಾಟ ಅಂತ ಅನಿಸಿದರೆ ಒಂದು ವಿಷಯ ಕೇಳಿ. 2001ರಲ್ಲಿ ಎಡ್ವರ್ಡ್ ಕ್ಯಾಸ್ಟ್ರೊನೋವಾ ಅನ್ನೋ ಅಮೆರಿಕದ ಅರ್ಥಶಾಸ್ತ್ರಜ್ಞ ಇದೇ ನೊರಾತ್ ಬಗ್ಗೆ ಒಂದು ಪ್ರಬಂಧ ಬರೆದರು. ಅಲ್ಲಿನ ಐಟಂಗಳನ್ನ ಜನ ನಿಜವಾದ ಡಾಲರ್‌ಗೆ ಮಾರ್ತಾ ಇದ್ದರಲ್ಲ, ಆ ಬೆಲೆ ಹಿಡಿದು ಲೆಕ್ಕ ಹಾಕಿದರು. ನೊರಾತ್‌ನ ತಲಾ ರಾಷ್ಟ್ರೀಯ ಉತ್ಪನ್ನ 2,266 ಡಾಲರ್ ಅಂತ ಬಂತು. ರಷ್ಯಾಕ್ಕೂ ಬಲ್ಗೇರಿಯಾಕ್ಕೂ ಮಧ್ಯದ ಸ್ಥಾನ. ಇಲ್ಲದ ದೇಶಕ್ಕೆ ಇದ್ದ ಆದಾಯ ಅದು.

ಈಗ 2004ರ ನವೆಂಬರ್ 23. ಬ್ಲಿಝರ್ಡ್ ಕಂಪನಿಯ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಬಂತು. ಮೋಲ್ಟನ್ ಕೋರ್ ಅನ್ನೋ ಲಾವಾ ಗುಹೆ, ನಲವತ್ತು ಜನರ ರೇಡ್, ಕೊನೇಲಿ ಬೆಂಕಿಯ ದೊರೆ ರಾಗ್ನರೋಸ್. ಹಂಚೋಕೆ ಗೇಮ್ ಒಳಗೇ ಕೆಲವು ದಾರಿ ಇತ್ತು: ಸರದಿ ಪ್ರಕಾರ, ದಾಳ ಉರುಳಿಸಿ ಬೇಕು ಅಥವಾ ಆಸೆ ಅಂತ ಒತ್ತೋದು, ಇಲ್ಲಾಂದ್ರೆ ಮಾಸ್ಟರ್ ಲೂಟರ್ ಅಂತ ಒಬ್ಬನಿಗೆ ಪೂರ್ತಿ ಅಧಿಕಾರ ಕೊಡೋದು. ಅನ್ಯಾಯವಾಗಿ ಎತ್ತಿಕೊಂಡು ಓಡೋರಿಗೆ ನಿಂಜಾ ಅಂತ ಹೆಸರು ಬಂತು. 2005ರ ಲೀರಾಯ್ ಜೆಂಕಿನ್ಸ್ ವಿಡಿಯೋ ನೋಡಿರಬಹುದು, ಹೆಸರು ಕೂಗ್ತಾ ಒಬ್ಬನೇ ನುಗ್ಗಿ ಇಡೀ ತಂಡವನ್ನ ಸಾಯಿಸ್ತಾನಲ್ಲ, ಅದು. ಆ ತಂಡ ಆ ಕೋಣೆಗೆ ಹೋಗೋಕೆ ಹೊರಟಿದ್ದೇ ಲೀರಾಯ್‌ಗೆ ಬೇಕಾಗಿದ್ದ ಒಂದು ಭುಜದ ಕವಚಕ್ಕೆ! ಅಂದರೆ ಅದೂ ಲೂಟ್ ಕಥೆನೇ.

ಈ ಗೇಮ್‌ನಲ್ಲಿ ಹೊಸದಾಗಿ ಬಂದದ್ದು ಆಡ್‌ಆನ್. ಕಂಪ್ಯೂಟರ್‌ನಲ್ಲಿ ಗೇಮ್ ಇರೋ ಜಾಗದಲ್ಲೇ ಒಂದು ಫೋಲ್ಡರ್ ಇರುತ್ತೆ, ಅದರೊಳಗೆ ಯಾರು ಬೇಕಾದರೂ ತಮ್ಮ ಪ್ರೋಗ್ರಾಂ ಹಾಕಬಹುದು. ಬರೆಯೋದು ಲುವಾ ಅನ್ನೋ ಭಾಷೆಯಲ್ಲಿ. ಅದು 1993ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದ ಒಂದು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಲುವಾ ಅಂದ್ರೆ ಪೋರ್ಚುಗೀಸ್‌ನಲ್ಲಿ ಚಂದಿರ.

ಮೊದಲ ಪ್ರಶ್ನೆ: ನನಗೆ ಬೇಕಾದದ್ದು ಎಲ್ಲಿ ಸಿಗುತ್ತೆ? ಶುರುವಲ್ಲಿ ಕಂಪನಿ ಪಟ್ಟಿ ಕೊಟ್ಟಿರಲಿಲ್ಲ. ಇಲ್ಲೂ ಬಂದದ್ದು ಅದೇ ಥಾಟ್. ಕಾಸ್ಮೋಸ್ ಅನ್ನೋ ಆಡ್‌ಆನ್ ಹಾಕಿಕೊಂಡ ಆಟಗಾರರು ಆಡ್ತಾ ಆಡ್ತಾ ಯಾವ ಪ್ರಾಣಿಯಿಂದ ಏನು ಬಿತ್ತು ಅನ್ನೋದು ದಾಖಲಾಗ್ತಾ ಇತ್ತು. ಆ ಮಾಹಿತಿ ಥಾಟ್‌ಬಾಟ್ ಅನ್ನೋ ತಾಣದಲ್ಲಿ ಸೇರ್ತಾ ಇತ್ತು. ಒಬ್ಬೊಬ್ಬರದ್ದು ಒಂದೊಂದು ಹನಿ, ಸೇರಿ ಕೆರೆ. ಆಮೇಲೆ ಅಟ್ಲಾಸ್‌ಲೂಟ್ ಬಂತು. ಯಾವ ಬಾಸ್, ಯಾವ ಐಟಂ ಅನ್ನೋ ಪೂರ್ತಿ ಪಟ್ಟಿ ಗೇಮ್ ಒಳಗೇ ತೆರೆಯುತ್ತೆ. ನಿಮಗೆ ಬೇಕಾದದ್ದಕ್ಕೆ ಗುರುತು ಹಾಕಿ ಇಟ್ಟುಕೊಳ್ಳಬಹುದು. ಅದೇ ವಿಶ್‌ಲಿಸ್ಟ್.

ಇದು ಕೆಲಸ ಮಾಡೋ ರೀತಿ ಸರಳ. ಪ್ರತಿ ಐಟಂಗೂ ಒಂದು ನಂಬರ್ ಇದೆ. ಥಂಡರ್‌ಫ್ಯೂರಿ ಅನ್ನೋ ಹೆಸರುವಾಸಿ ಕತ್ತಿಯದ್ದು 19019. ಬಾಸ್ ಸತ್ತು ಐಟಂ ಹೆಸರು ಚಾಟ್‌ನಲ್ಲಿ ಬಂದ ತಕ್ಷಣ ಆಡ್‌ಆನ್ ಆ ನಂಬರ್ ಓದಿ ನಿಮ್ಮ ಪಟ್ಟಿಗೆ ತಾಳೆ ನೋಡುತ್ತೆ. ಸಿಕ್ಕಿದರೆ ಸದ್ದು ಮಾಡುತ್ತೆ. ಅಷ್ಟೇ. ಐಟಂ ಬೀಳೋ ಸಾಧ್ಯತೆ ಇದರಿಂದ ಒಂದು ಚೂರೂ ಜಾಸ್ತಿ ಆಗಲ್ಲ, ಅದನ್ನ ತೀರ್ಮಾನ ಮಾಡೋದು ಕಂಪನಿಯ ಸರ್ವರ್. ನೂರಕ್ಕೆ ಇಪ್ಪತ್ತು ಸಲ ಬೀಳೋ ಐಟಂ ಅಂದುಕೊಳ್ಳಿ. ವಾರಕ್ಕೊಂದೇ ಅವಕಾಶ. ಐದು ವಾರ ಕಾದ ಮೇಲೂ ಒಂದು ಸಲನೂ ನೋಡದೇ ಇರೋ ಸಾಧ್ಯತೆ ಸುಮಾರು ಮೂರರಲ್ಲಿ ಒಂದು. ಹತ್ತು ವಾರ ಕಾದರೂ ಹತ್ತರಲ್ಲಿ ಒಬ್ಬನಿಗೆ ಸಿಕ್ಕಿರಲ್ಲ. ಮತ್ತೆ ಇದು ಬೀಳೋ ಲೆಕ್ಕ ಮಾತ್ರ. ಬಿದ್ದದ್ದು ನಿಮಗೇ ಬರೋದು ಬೇರೆ ಲೆಕ್ಕ.

ಇನ್ನೊಂದು ಮಿತಿ ಇದೆ. ಆಡ್‌ಆನ್ ತನ್ನ ಮಾಹಿತಿಯನ್ನ ಹಾರ್ಡ್ ಡಿಸ್ಕ್‌ಗೆ ಬರೆಯೋದು ನೀವು ಸರಿಯಾಗಿ ಲಾಗೌಟ್ ಆದಾಗ, ಇಲ್ಲಾ ಇಂಟರ್‌ಫೇಸ್ ರೀಲೋಡ್ ಮಾಡಿದಾಗ ಮಾತ್ರ. ಆಟದ ಮಧ್ಯೆ ಕರೆಂಟ್ ಹೋದರೆ ಅವತ್ತು ಬರೆದದ್ದೆಲ್ಲ ಹೋಯ್ತು. ತುಮಕೂರಿನ ನಮ್ಮ ಮನೇಲಿ ಯುಪಿಎಸ್ ತರೋ ತನಕ ನಾನು ಒಂದೇ ವಿಶ್‌ಲಿಸ್ಟ್‌ನ ಮೂರು ಸಲ ಮಾಡಿದೀನಿ.

ಪಾಯಿಂಟ್ ಲೆಕ್ಕಕ್ಕೂ ಆಡ್‌ಆನ್ ಬಂದವು. ಅದರಲ್ಲಿ ಇಪಿಜಿಪಿ ಅನ್ನೋದು ನನಗೆ ಇಷ್ಟ. ನೀವು ಹಾಕಿದ ಶ್ರಮ ಒಂದು ಅಂಕಿ, ನೀವು ತಗೊಂಡ ಐಟಂಗಳ ಬೆಲೆ ಇನ್ನೊಂದು ಅಂಕಿ. ಮೊದಲನೆಯದನ್ನ ಎರಡನೆಯದರಿಂದ ಭಾಗಿಸಿದರೆ ನಿಮ್ಮ ಸರದಿ ಗೊತ್ತಾಗುತ್ತೆ. ಆಡ್‌ಆನ್‌ಗೆ ತನ್ನದೇ ಸರ್ವರ್ ಇಲ್ಲವಲ್ಲ, ಲೆಕ್ಕ ಎಲ್ಲಿ ಇಡೋದು? ಗಿಲ್ಡ್ ಪಟ್ಟಿಯಲ್ಲಿ ಪ್ರತಿ ಸದಸ್ಯನ ಹೆಸರಿನ ಮುಂದೆ ಅಧಿಕಾರಿಗಳು ಟಿಪ್ಪಣಿ ಬರೆಯೋ ಒಂದು ಸಣ್ಣ ಜಾಗ ಇತ್ತು. ಅಲ್ಲೇ ಎರಡು ಅಂಕಿ ಬರೆದಿಟ್ಟರು. ಕಿರಾಣಿ ಅಂಗಡಿಯವರು ಕ್ಯಾಲೆಂಡರ್ ಹಿಂದೆ ಉದ್ರಿ ಲೆಕ್ಕ ಬರೆದ ಹಾಗೆ.

ಬ್ಲಿಝರ್ಡ್ ಇದನ್ನೆಲ್ಲ ನೋಡ್ತಾ ಇತ್ತು. 2009ರಲ್ಲಿ ಆಡ್‌ಆನ್‌ಗೆ ದುಡ್ಡು ಕೇಳಬಾರದು, ಎಲ್ಲಾ ಉಚಿತವಾಗಿರಬೇಕು ಅಂತ ನಿಯಮ ತಂತು. 2018ರಲ್ಲಿ ಇನ್ನೂ ದೊಡ್ಡ ಹೆಜ್ಜೆ ಇಟ್ಟಿತು: ಮಾಸ್ಟರ್ ಲೂಟರ್ ಪದ್ಧತಿನೇ ತೆಗೆದುಹಾಕಿ, ಅವರವರ ಪಾಲು ನೇರವಾಗಿ ಅವರವರಿಗೇ ಸಿಗೋ ಪರ್ಸನಲ್ ಲೂಟ್ ಕಡ್ಡಾಯ ಮಾಡಿತು. ಜಗಳ ಇಲ್ಲ, ಆದರೆ ತಂಡವಾಗಿ ಯೋಚಿಸಿ ಕೊಡೋ ಖುಷಿನೂ ಇಲ್ಲ ಅಂತ ಎಷ್ಟೋ ಗಿಲ್ಡ್‌ಗಳು ಬೇಜಾರು ಮಾಡಿಕೊಂಡವು. 2022ರ ಡ್ರ್ಯಾಗನ್‌ಫ್ಲೈಟ್‌ನಲ್ಲಿ ರೇಡ್‌ಗಳಿಗೆ ಗುಂಪಿನ ಲೂಟ್ ಮತ್ತೆ ಬಂತು.

ಇದರ ಮಧ್ಯೆ, 2019ರ ಆಗಸ್ಟ್‌ನಲ್ಲಿ ಹಳೇ ಆಟವನ್ನ ಹಳೇ ನಿಯಮಗಳ ಜೊತೆ ಕ್ಲಾಸಿಕ್ ಅಂತ ಬಿಟ್ಟರು. ಅಲ್ಲಿ ಜಿಡಿಕೆಪಿ ಜೋರಾಯ್ತು. ಇದು ಅರ್ಥ ಆಗಬೇಕಾದರೆ ನಮ್ಮಮ್ಮನ ಚೀಟಿ ನೆನಪಿಸಿಕೊಂಡರೆ ಸಾಕು. ಇಪ್ಪತ್ತು ಜನ ಸೇರಿ ಚೀಟಿ ಹಾಕ್ತಾರೆ, ತಿಂಗಳಿಗೊಮ್ಮೆ ಕೂಗ್ತಾರೆ, ಅವಸರ ಇದ್ದವರು ಕಮ್ಮಿಗೆ ಎತ್ತಿಕೊಳ್ತಾರೆ, ಬಿಟ್ಟ ದುಡ್ಡು ಉಳಿದವರಿಗೆ ಹಂಚಿಕೆ ಆಗುತ್ತೆ. ಜಿಡಿಕೆಪಿಯಲ್ಲಿ ಐಟಂನ ಗೇಮ್ ಒಳಗಿನ ಚಿನ್ನಕ್ಕೆ ಹರಾಜು ಹಾಕ್ತಾರೆ, ಬಂದ ಚಿನ್ನವನ್ನ ಕೊನೇಲಿ ಬಂದವರೆಲ್ಲ ಹಂಚಿಕೊಳ್ತಾರೆ. ಐಟಂ ಸಿಗದವನೂ ಬರಿಗೈಲಿ ಹೋಗಲ್ಲ. ಚೆನ್ನಾಗೇ ಇದೆ ಅನಿಸುತ್ತೆ. ಆದರೆ ಆ ಚಿನ್ನವನ್ನ ಹೊರಗಿನಿಂದ ನಿಜವಾದ ದುಡ್ಡಿಗೆ ಕೊಂಡುತರೋರು ಹರಾಜಿಗೆ ಕೂತರೆ? 2024ರಲ್ಲಿ ಸೀಸನ್ ಆಫ್ ಡಿಸ್ಕವರಿಯಲ್ಲಿ ಬ್ಲಿಝರ್ಡ್ ಜಿಡಿಕೆಪಿಯನ್ನ ನಿಷೇಧ ಮಾಡಿತು.

ಈಗ ನನ್ನ ಕಥೆ.

ಭಾರತದಲ್ಲಿ ಈ ಆಟಕ್ಕೆ ಸರ್ವರ್ ಇಲ್ಲ. ನಾನು ಕ್ಲಾಸಿಕ್ ಆಡಿದ್ದು ಯುರೋಪ್ ಸರ್ವರ್‌ನಲ್ಲಿ. ಅವರ ರಾತ್ರಿ ಎಂಟು ಗಂಟೆಯ ರೇಡ್ ನಮಗೆ ಹನ್ನೆರಡೂವರೆ. ಬೆಳಿಗ್ಗೆ ಆಡಿಟರ್ ಆಫೀಸಲ್ಲಿ ಟ್ಯಾಲಿ ಎಂಟ್ರಿ, ರಾತ್ರಿ ರೋಗ್ ಪಾತ್ರ. ಬಿ.ಕಾಂ. ಓದಿದೀನಿ ಅಂತ ಗೊತ್ತಾದ ಮೇಲೆ ಗಿಲ್ಡ್‌ನವರು ಡಿಕೆಪಿ ಲೆಕ್ಕದ ಶೀಟ್ ನನ್ನ ಕೈಗೇ ಕೊಟ್ಟರು. ನಿಯಮ ನಾನೇ ಬರೆದೆ. ರೇಡ್ ವಾರಕ್ಕೊಂದು, ಬಂದವರಿಗೆ 60 ಪಾಯಿಂಟ್. ಹಳೇ ಪಾಯಿಂಟ್ ಗುಡ್ಡೆ ಹಾಕಿಕೊಂಡು ಕೂರಬಾರದು ಅಂತ ಪ್ರತಿ ವಾರ ನೂರಕ್ಕೆ ಹತ್ತು ಕಡಿತ. ಸವಕಳಿ ಅಂತ ನಾವು ಕಾಮರ್ಸ್‌ನಲ್ಲಿ ಓದಿದ್ದೇ ಅದು.

2020ರ ಫೆಬ್ರವರಿಯಲ್ಲಿ ಬ್ಲ್ಯಾಕ್‌ವಿಂಗ್ ಲೇರ್ ತೆರೀತು. ನನ್ನ ವಿಶ್‌ಲಿಸ್ಟ್‌ನ ಮೊದಲನೇ ಸಾಲು ಡ್ರೇಕ್ ಫ್ಯಾಂಗ್ ತಾಲಿಸ್ಮನ್, ಎಬನ್‌ರಾಕ್ ಅನ್ನೋ ಡ್ರೇಕ್‌ನಿಂದ ಬೀಳೋ ತಾಯತ. ನಮ್ಮಲ್ಲಿ ಒಬ್ಬ ವಾರಿಯರ್ ಇದ್ದರು, ಇಟಲಿಯವರು, ಆಸ್ಪತ್ರೆಯಲ್ಲಿ ಕೆಲಸ. ಅವರ ಪಟ್ಟಿಯ ಮೊದಲನೇ ಸಾಲೂ ಅದೇ. ಮಾರ್ಚ್ ಶುರುವಲ್ಲಿ ಅವರದ್ದು 500 ಪಾಯಿಂಟ್, ನಂದು 300.

ಆ ಮಾರ್ಚ್‌ನಲ್ಲಿ ಇಟಲಿಯ ಆಸ್ಪತ್ರೆಗಳಲ್ಲಿ ಏನಾಯ್ತು ಅಂತ ನಿಮಗೆಲ್ಲ ನೆನಪಿರುತ್ತೆ. ಅವರು ಮೂರು ವಾರ ಬರಲಿಲ್ಲ. ನಾನು ಮೂರೂ ವಾರ ಬಂದೆ, ಕೊನೇ ಹೊತ್ತಿಗೆ ನಮ್ಮಲ್ಲೂ ಲಾಕ್‌ಡೌನ್. ಶೀಟ್ ತನ್ನ ಕೆಲಸ ಮಾಡ್ತಾ ಹೋಯ್ತು. ಅವರ 500 ಮೂರು ಕಡಿತ ಕಂಡು 364.5 ಆಯ್ತು. ನನ್ನ 300 ಕಡಿತದ ಜೊತೆ ಹಾಜರಾತಿಯೂ ಸೇರಿ 381.3 ಆಯ್ತು.

ನಾಲ್ಕನೇ ವಾರ ಅವರು ಬಂದರು. ಮೈಕ್‌ನಲ್ಲಿ ದನಿ ಸುಸ್ತಾಗಿತ್ತು. ಅವತ್ತು ಎಬನ್‌ರಾಕ್ ಸತ್ತಾಗ ನನ್ನ ಆಡ್‌ಆನ್ ಸದ್ದು ಮಾಡಿತು. ಖಂಡಿತ ಅವರದ್ದೂ ಮಾಡಿರುತ್ತೆ. ರೇಡ್ ಲೀಡರ್ ಪಾಯಿಂಟ್ ಓದು ಅಂದರು. ಓದಿದೆ. ನಂದೇ ಜಾಸ್ತಿ. ಬಿಟ್ಟುಕೊಡ್ತೀನಿ ಅನ್ನೋಕೆ ಎರಡು ಸೆಕೆಂಡ್ ಟೈಮ್ ಇತ್ತು. ಅನ್ನಲಿಲ್ಲ. ಶುಭಾಶಯ, ಲೆಕ್ಕ ಸರಿಯಾಗಿದೆ ಅಂತ ಅವರು ಚಾಟ್‌ನಲ್ಲಿ ಟೈಪ್ ಮಾಡಿದರು.

ಲೆಕ್ಕ ಸರಿಯಾಗೇ ಇತ್ತು. ಆಡಿಟ್ ಮಾಡಿದರೂ ಒಂದು ತಪ್ಪು ಸಿಗ್ತಾ ಇರಲಿಲ್ಲ. ತಪ್ಪಿದ್ದದ್ದು ನಿಯಮದಲ್ಲಿ, ಅದನ್ನ ಬರೆದವನು ನಾನು. ಆಡೋಕೆ ಸೋಮಾರಿತನ ಮಾಡಿ ಬರದೇ ಇರೋದಕ್ಕೂ, ಆಸ್ಪತ್ರೆಯಲ್ಲಿ ನಿಂತು ಬರದೇ ಇರೋದಕ್ಕೂ ನನ್ನ ಶೀಟಲ್ಲಿ ಒಂದೇ ಕಾಲಂ ಇತ್ತು. ಮುಂದಿನ ವಾರ ಹೊಸ ನಿಯಮ ಸೇರಿಸಿದೆ: ಹೇಳಿ ರಜೆ ಹಾಕಿದವರ ಪಾಯಿಂಟ್‌ಗೆ ಕಡಿತ ಇಲ್ಲ. ಅವರ ಕಡಿತವನ್ನೂ ವಾಪಸ್ ಜಮಾ ಮಾಡಿದೆ. ತಾಯತ ಮಾತ್ರ ವಾಪಸ್ ಕೊಡೋಕೆ ಆಗಲ್ಲ. ಒಮ್ಮೆ ಒಬ್ಬರ ಕೈಗೆ ಹೋದರೆ ಅದು ಅವರಿಗೇ ಕಟ್ಟುಬೀಳುತ್ತೆ, ಗೇಮ್ ಹಂಗಿದೆ. ಅವರು ಆಮೇಲೆ ಎರಡು ಸಲ ಬಂದರು, ಆಮೇಲೆ ಬರಲಿಲ್ಲ.

ಈಗಲೂ ಆಫೀಸಲ್ಲಿ ಹಾಜರಾತಿ ನೋಡಿ ಇನ್ಸೆಂಟಿವ್ ಕೊಡೋ ಶೀಟ್ ಕಣ್ಣಿಗೆ ಬಿದ್ದರೆ ಮೊದಲು ರಜೆಯ ಕಾಲಂ ಎಲ್ಲಿದೆ ಅಂತ ಹುಡುಕ್ತೀನಿ. ಆಡ್‌ಆನ್ ಇಂದ ನನಗೆ ಬಂದ ಅಭ್ಯಾಸ ಇದೊಂದೇ.

ನಿಮ್ಮ ಗಿಲ್ಡ್‌ನಲ್ಲಿ, ನಿಮ್ಮ ಸ್ಕ್ವಾಡ್‌ನಲ್ಲಿ, ಅಥವಾ ನಿಮ್ಮ ಬೀದಿಯ ಚೀಟಿಯಲ್ಲಿ ಹಂಚೋ ನಿಯಮ ಯಾರು ಬರೆದದ್ದು? ಆವತ್ತು ಬರೋಕೆ ಆಗದೇ ಇರೋರಿಗೆ ಅದರಲ್ಲಿ ಏನಿದೆ? ಒಂದು ವಾಯ್ಸ್ ನೋಟ್ ಮಾಡಿ ಕಳಿಸಿ, ಕೇಳ್ತೀನಿ.