ಭಾರತ ಮತ್ತು ಶ್ರೀಲಂಕಾದ ದಿನಬಳಕೆಯ ಹಾಲಿನ ಉತ್ಪನ್ನಗಳು: ಶಿವಮೊಗ್ಗ ಭಾಗದ ಹೈನುಗಾರರಿಗೆ ಒಂದು ಹೋಲಿಕೆ

ಪೀಠಿಕೆ

ಶಿವಮೊಗ್ಗ ಮತ್ತು ಭದ್ರಾವತಿ ನಗರಗಳ ನಡುವಿನ ಹೆದ್ದಾರಿಯಲ್ಲಿ ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ ಗ್ರಾಮಗಳು ಒಂದರ ನಂತರ ಒಂದು ಬರುತ್ತವೆ. ಒಂದು ಕಾಲಕ್ಕೆ ಸಕ್ಕರೆ ಕಾರ್ಖಾನೆಯಿಂದ ಹೆಸರಾಗಿದ್ದ ಮಲವಗೊಪ್ಪದ ಸುತ್ತಮುತ್ತ ಇಂದು ಭತ್ತ, ಅಡಿಕೆ, ತೆಂಗಿನ ಜೊತೆಗೆ ಹೈನುಗಾರಿಕೆಯೂ ಅನೇಕ ಕುಟುಂಬಗಳ ಆದಾಯದ ಮೂಲವಾಗಿದೆ. ಶಿವಮೊಗ್ಗ, ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಹಾಲು ಒಕ್ಕೂಟದ ಡೇರಿಯು ಮಾಚೇನಹಳ್ಳಿಯಲ್ಲಿಯೇ ಇರುವುದರಿಂದ ಬೆಳಿಗ್ಗೆ ಕರೆದ ಹಾಲು ಸಂಸ್ಕರಣೆಗೆ ಹೋಗಲು ಹೆಚ್ಚು ದೂರ ಸಾಗಬೇಕಿಲ್ಲ.

ಈ ಅನುಕೂಲ ಎಲ್ಲ ದೇಶಗಳ ರೈತರಿಗೂ ಇಲ್ಲ. ನಮ್ಮ ನೆರೆಯ ಶ್ರೀಲಂಕಾದಲ್ಲಿಯೂ ಮಳೆ, ತೆಂಗು, ಭತ್ತ, ಎಮ್ಮೆ, ದನ ಎಲ್ಲವೂ ಇವೆ. ಆದರೂ ಅಲ್ಲಿನ ಬಹುಪಾಲು ಮನೆಗಳ ಚಹಾಕ್ಕೆ ಬೀಳುವುದು ಹೊರದೇಶದಿಂದ ಬಂದ ಹಾಲಿನ ಪುಡಿ. ಎರಡೂ ದೇಶಗಳ ದಿನಬಳಕೆಯ ಉತ್ಪನ್ನಗಳನ್ನು ಹೋಲಿಸಿ, ಅದರಿಂದ ನಮ್ಮ ರೈತರು ತಿಳಿಯಬೇಕಾದ ಅಂಶಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

1. ಕುಡಿಯುವ ಹಾಲು

ಭಾರತದಲ್ಲಿ ಪೊಟ್ಟಣದ ಹಾಲನ್ನು ಅದರ ಜಿಡ್ಡಿನಂಶ ಮತ್ತು ಜಿಡ್ಡೇತರ ಘನಾಂಶದ ಆಧಾರದ ಮೇಲೆ ವಿಂಗಡಿಸಲಾಗುತ್ತದೆ. ಸಂಘದ ಚೀಟಿಯಲ್ಲಿ ಎಸ್.ಎನ್.ಎಫ್. ಎಂದು ನಮೂದಾಗುವುದು ಈ ಜಿಡ್ಡೇತರ ಘನಾಂಶವೇ. ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡದಂತೆ ಇರಬೇಕಾದ ಕನಿಷ್ಠ ಪ್ರಮಾಣಗಳು ಹೀಗಿವೆ.

• ಡಬಲ್ ಟೋನ್ಡ್ ಹಾಲು: ಜಿಡ್ಡು ಶೇ. 1.5, ಜಿಡ್ಡೇತರ ಘನಾಂಶ ಶೇ. 9.0
• ಟೋನ್ಡ್ ಹಾಲು: ಜಿಡ್ಡು ಶೇ. 3.0, ಜಿಡ್ಡೇತರ ಘನಾಂಶ ಶೇ. 8.5
• ಸ್ಟ್ಯಾಂಡರ್ಡೈಸ್ಡ್ ಹಾಲು: ಜಿಡ್ಡು ಶೇ. 4.5, ಜಿಡ್ಡೇತರ ಘನಾಂಶ ಶೇ. 8.5
• ಪೂರ್ಣ ಕೆನೆಯ ಹಾಲು: ಜಿಡ್ಡು ಶೇ. 6.0, ಜಿಡ್ಡೇತರ ಘನಾಂಶ ಶೇ. 9.0

ನಂದಿನಿಯ ನೀಲಿ ಪೊಟ್ಟಣ ಟೋನ್ಡ್ ಹಾಲಾದರೆ, ಶುಭಂ ಸ್ಟ್ಯಾಂಡರ್ಡೈಸ್ಡ್ ಹಾಲು ಮತ್ತು ಸಮೃದ್ಧಿ ಪೂರ್ಣ ಕೆನೆಯ ಹಾಲು.

ಶ್ರೀಲಂಕಾದಲ್ಲಿ ದ್ರವ ಹಾಲಿನ ಬಳಕೆ ಕಡಿಮೆ. ಅಲ್ಲಿನ ಸಾಮಾನ್ಯ ಗ್ರಾಹಕರು ಕೊಳ್ಳುವುದು 400 ಗ್ರಾಂ ಅಥವಾ 1 ಕಿ.ಗ್ರಾಂ ತೂಕದ ಪೂರ್ಣ ಕೆನೆಯ ಹಾಲಿನ ಪುಡಿಯ ಪೊಟ್ಟಣ. ದೇಶದ ಹಾಲಿನ ಅಗತ್ಯದ ಅರ್ಧಕ್ಕಿಂತ ಕಡಿಮೆ ಭಾಗವನ್ನು ಮಾತ್ರ ಸ್ಥಳೀಯ ರೈತರು ಪೂರೈಸುತ್ತಾರೆ. ಉಳಿದದ್ದು ಮುಖ್ಯವಾಗಿ ನ್ಯೂಜಿಲೆಂಡಿನಿಂದ ಪುಡಿಯ ರೂಪದಲ್ಲಿ ಬರುತ್ತದೆ.

2. ಹಾಲಿನ ಪುಡಿ

ಹಸುವಿನ ಹಾಲಿನಲ್ಲಿ ಒಟ್ಟು ಘನಾಂಶ ಸುಮಾರು ಶೇ. 12.5 ಇರುತ್ತದೆ. ಆದ್ದರಿಂದ 1 ಕಿ.ಗ್ರಾಂ ಪೂರ್ಣ ಕೆನೆಯ ಪುಡಿಗೆ 7.5ರಿಂದ 8 ಲೀಟರ್ ಹಾಲು ಬೇಕು. 400 ಗ್ರಾಂನ ಒಂದು ಪೊಟ್ಟಣವೆಂದರೆ ಸುಮಾರು 3 ಲೀಟರ್ ಹಾಲು ಎಂದು ಲೆಕ್ಕ ಹಾಕಬಹುದು. ಪೂರ್ಣ ಕೆನೆಯ ಪುಡಿಯಲ್ಲಿ ಜಿಡ್ಡು ಶೇ. 26ಕ್ಕಿಂತ ಕಡಿಮೆ ಇರಬಾರದು. ಕೆನೆರಹಿತ ಪುಡಿಯಲ್ಲಿ ಶೇ. 1.5ನ್ನು ಮೀರಬಾರದು.

ಪುಡಿ ಎಂದರೆ ಕಳಪೆ ಎಂಬ ಭಾವನೆ ಸರಿಯಲ್ಲ. 2013ರ ಆಗಸ್ಟ್ 1ರಂದು ಕರ್ನಾಟಕದಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲಾ ಮಕ್ಕಳಿಗೆ 18 ಗ್ರಾಂ ಪುಡಿಯಿಂದ 150 ಮಿ.ಲೀ. ಹಾಲು ತಯಾರಿಸಿ ಕೊಡಲಾಗುತ್ತಿದೆ. ಲೀಟರಿಗೆ ಇದು 120 ಗ್ರಾಂ ಘನಾಂಶವಾಗುತ್ತದೆ. ಟೋನ್ಡ್ ಹಾಲಿನ ಘನಾಂಶವೂ ಹೆಚ್ಚು ಕಡಿಮೆ ಇಷ್ಟೇ. ವ್ಯತ್ಯಾಸವಿರುವುದು ಪುಡಿಯ ಮೂಲದಲ್ಲಿ. ನಮ್ಮಲ್ಲಿ ಹಾಲು ಹೆಚ್ಚಾದ ತಿಂಗಳುಗಳಲ್ಲಿ ರೈತರಿಂದ ಕೊಂಡ ಹಾಲು ಕೆಡದಂತೆ ಉಳಿಸಲು ಪುಡಿ ಮಾಡಲಾಗುತ್ತದೆ. ಶ್ರೀಲಂಕಾದಲ್ಲಿ ಆಮದಾದ ಪುಡಿಯು ಸ್ಥಳೀಯ ರೈತನ ಹಾಲಿಗೆ ಪ್ರತಿಸ್ಪರ್ಧಿಯಾಗಿ ನಿಂತಿದೆ.

3. ಮೊಸರು

ಹಾಲಿನ ವಿಷಯದಲ್ಲಿ ಪುಡಿಯನ್ನು ಅವಲಂಬಿಸಿರುವ ಆ ದೇಶ ಮೊಸರಿನಲ್ಲಿ ಮಾತ್ರ ತನ್ನತನವನ್ನು ಉಳಿಸಿಕೊಂಡಿದೆ. ಸಿಂಹಳದಲ್ಲಿ ಮೀಕಿರಿ ಎನ್ನಲಾಗುವ ಎಮ್ಮೆ ಮೊಸರನ್ನು ಮಣ್ಣಿನ ಕುಡಿಕೆಗಳಲ್ಲಿಯೇ ಹೆಪ್ಪು ಹಾಕಿ, ಕುಡಿಕೆಯ ಸಮೇತ ಮಾರಲಾಗುತ್ತದೆ. ದಕ್ಷಿಣದ ಹಂಬಂತೋಟ ಮತ್ತು ತಿಸ್ಸಮಹಾರಾಮ ಪ್ರದೇಶಗಳು ಇದಕ್ಕೆ ಪ್ರಸಿದ್ಧ. ಇದನ್ನು ಕಿತುಲ್ ಮರದ ರಸವನ್ನು ಕಾಯಿಸಿ ಮಾಡಿದ ಪಾಕದೊಂದಿಗೆ ತಿನ್ನುತ್ತಾರೆ. ಈ ಕಿತುಲ್ ಬೇರಾವುದೂ ಅಲ್ಲ, ನಮ್ಮ ಮಲೆನಾಡಿನ ಬೈನೆ ಮರ.

ಎಮ್ಮೆ ಹಾಲಿನಲ್ಲಿ ಜಿಡ್ಡು ಮತ್ತು ಪ್ರೋಟೀನು ಎರಡೂ ಹೆಚ್ಚು. ಒಟ್ಟು ಘನಾಂಶ ಶೇ. 16ರ ಆಸುಪಾಸಿನಲ್ಲಿರುತ್ತದೆ. ಹಾಗಾಗಿ ಮೊಸರು ಗಟ್ಟಿಯಾಗುತ್ತದೆ. ಮಣ್ಣಿನ ಕುಡಿಕೆ ಒಂದಿಷ್ಟು ನೀರನ್ನು ಹೀರಿ ಹೊರಮೈಯಿಂದ ಆವಿಯಾಗಿಸುವುದರಿಂದ ಮೊಸರು ಮತ್ತಷ್ಟು ಗಟ್ಟಿಯಾಗಿ, ತಂಪಾಗಿಯೂ ಇರುತ್ತದೆ.

ನಮ್ಮ ಪೊಟ್ಟಣದ ಮೊಸರು ಸಾಮಾನ್ಯವಾಗಿ ಟೋನ್ಡ್ ಹಾಲಿನದು. ಅದನ್ನು ಅನ್ನದೊಂದಿಗೆ ಕಲಸಲು ಮತ್ತು ಮಜ್ಜಿಗೆ ಮಾಡಲು ಬಳಸುತ್ತೇವೆಯೇ ಹೊರತು ಸಿಹಿತಿನಿಸಾಗಿ ಅಲ್ಲ. ಹೆಸರಿನ ಪ್ರಶ್ನೆಯೂ ಇಲ್ಲಿ ಮುಖ್ಯ. 2023ರ ಮಾರ್ಚ್‌ನಲ್ಲಿ ಮೊಸರಿನ ಪೊಟ್ಟಣದ ಮೇಲೆ ‘ದಹಿ’ ಎಂದು ಮುದ್ರಿಸಬೇಕೆಂಬ ಸೂಚನೆ ಬಂದಾಗ ಕರ್ನಾಟಕ ಮತ್ತು ತಮಿಳುನಾಡಿನಲ್ಲಿ ವಿರೋಧ ವ್ಯಕ್ತವಾಯಿತು. ಅದೇ ತಿಂಗಳ ಕೊನೆಯಲ್ಲಿ ಪ್ರಾಧಿಕಾರವು ‘ಮೊಸರು’ ಮುಂತಾದ ಪ್ರಾದೇಶಿಕ ಹೆಸರುಗಳಿಗೆ ಅವಕಾಶ ನೀಡಿತು. ಶ್ರೀಲಂಕಾದಲ್ಲಿ ಕರ್ಡ್ ಎಂದರೆ ಕುಡಿಕೆಯ ಎಮ್ಮೆ ಮೊಸರು. ಯೋಗರ್ಟ್ ಎಂದರೆ ಸಕ್ಕರೆ ಹಾಕಿ ಸಣ್ಣ ಬಟ್ಟಲಿನಲ್ಲಿ ಹೆಪ್ಪುಗಟ್ಟಿಸಿದ ಹಸುವಿನ ಹಾಲಿನ ಉತ್ಪನ್ನ. ಗ್ರಾಹಕರು ಇವೆರಡನ್ನು ಬೇರೆ ಬೇರೆ ಪದಾರ್ಥಗಳೆಂದೇ ಪರಿಗಣಿಸುತ್ತಾರೆ.

4. ಬೆಣ್ಣೆ, ತುಪ್ಪ ಮತ್ತು ತೆಂಗಿನ ಹಾಲು

ನಮ್ಮ ಅಡುಗೆಯಲ್ಲಿ ತುಪ್ಪಕ್ಕೆ ಇರುವ ಸ್ಥಾನ ಶ್ರೀಲಂಕಾದ ಅಡುಗೆಯಲ್ಲಿ ಇಲ್ಲ. ಅಲ್ಲಿ ಆ ಸ್ಥಾನವನ್ನು ತೆಂಗಿನ ಹಾಲು ಮತ್ತು ಕೊಬ್ಬರಿ ಎಣ್ಣೆ ಪಡೆದಿವೆ. ಸಿಂಹಳದ ‘ಕಿರಿ’ ಎಂಬ ಪದ ಹಸುವಿನ ಹಾಲಿಗೂ ತೆಂಗಿನ ಹಾಲಿಗೂ ಸಲ್ಲುತ್ತದೆ. ಶುಭ ಸಮಾರಂಭಗಳ ಕಿರಿಬತ್ ಎಂಬ ಅನ್ನವನ್ನು ಬೇಯಿಸುವುದು ತೆಂಗಿನ ಹಾಲಿನಲ್ಲಿ. ಹಾಲಿನ ಜಿಡ್ಡಿಗೆ ಮನೆಮನೆಯಲ್ಲಿ ಬೇಡಿಕೆ ಇಲ್ಲದ ಕಡೆ ರೈತನಿಗೆ ಮಾರುಕಟ್ಟೆಯೂ ಕಿರಿದಾಗುತ್ತದೆ. ನಮ್ಮಲ್ಲಿ ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ, ಖೋವಾ, ಪೇಡ, ಪನೀರ್ ಹೀಗೆ ಹಲವು ದಾರಿಗಳಿರುವುದರಿಂದ ಒಂದರ ಬೇಡಿಕೆ ಕುಸಿದರೂ ಮತ್ತೊಂದು ಕೈಹಿಡಿಯುತ್ತದೆ.

5. ಪುಡಿಯನ್ನು ನಂಬಿದ್ದರ ಪರಿಣಾಮ

ಶ್ರೀಲಂಕಾದಲ್ಲಿ 1954ರಲ್ಲಿಯೇ ರಾಷ್ಟ್ರೀಯ ಹಾಲು ಮಂಡಳಿ ಸ್ಥಾಪನೆಯಾಗಿತ್ತು. 1977ರ ನಂತರ ಆಮದು ಮುಕ್ತವಾದಾಗ ಪುಡಿಯು ಸುಲಭವಾಗಿ ದೊರೆಯತೊಡಗಿ, ದ್ರವ ಹಾಲಿನ ಅಭ್ಯಾಸ ಬೆಳೆಯಲಿಲ್ಲ. ಇದರ ಅಪಾಯ ಎರಡು ಬಾರಿ ಸ್ಪಷ್ಟವಾಯಿತು.

ಮೊದಲನೆಯದು 2013ರಲ್ಲಿ. ಹುಲ್ಲುಗಾವಲಿನಲ್ಲಿ ಸಾರಜನಕ ಪೋಲಾಗದಂತೆ ತಡೆಯಲು ನ್ಯೂಜಿಲೆಂಡಿನಲ್ಲಿ ಬಳಸುತ್ತಿದ್ದ ಡೈಸಯನ್‌ಡೈಅಮೈಡ್ ಎಂಬ ರಾಸಾಯನಿಕದ ಅತ್ಯಲ್ಪ ಅಂಶ ಅಲ್ಲಿನ ಹಾಲಿನ ಉತ್ಪನ್ನಗಳಲ್ಲಿ ಪತ್ತೆಯಾಗಿ, ಆ ರಾಸಾಯನಿಕದ ಮಾರಾಟವನ್ನು ನಿಲ್ಲಿಸಲಾಯಿತು. ಅದೇ ವರ್ಷ ಶ್ರೀಲಂಕಾ ಸರ್ಕಾರ ಕೆಲವು ಆಮದು ಪುಡಿಗಳನ್ನು ಮಾರುಕಟ್ಟೆಯಿಂದ ಹಿಂಪಡೆಯಲು ಆದೇಶಿಸಿತು. ಎಲ್ಲೋ ದೂರದ ಹೊಲದಲ್ಲಿ ಹಾಕಿದ ವಸ್ತು ಇನ್ನೊಂದು ದೇಶದ ಮಗುವಿನ ಲೋಟದ ಪ್ರಶ್ನೆಯಾಯಿತು.

ಎರಡನೆಯದು 2021 ಮತ್ತು 2022ರಲ್ಲಿ. ವಿದೇಶಿ ವಿನಿಮಯ ಬರಿದಾದಾಗ ಪುಡಿಯ ಆಮದು ಕುಗ್ಗಿ, ಬೆಲೆ ಏರಿ, ಪೊಟ್ಟಣಕ್ಕಾಗಿ ಜನ ಸಾಲಿನಲ್ಲಿ ನಿಂತರು. ಅನೇಕ ಹೋಟೆಲುಗಳು ಹಾಲಿನ ಚಹಾ ಕೊಡುವುದನ್ನೇ ನಿಲ್ಲಿಸಿದವು. ಹಣ ಕೊಟ್ಟರೂ ಹಾಲು ಸಿಗದ ಸ್ಥಿತಿ ಅದು. ಸ್ಥಳೀಯವಾಗಿ ಹಾಲು ಕರೆಯುವವರ ಸಂಖ್ಯೆಯನ್ನು ಒಂದೇ ವರ್ಷದಲ್ಲಿ ಹೆಚ್ಚಿಸಲು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ಒಂದು ಕರು ಬೆಳೆದು ಹಾಲು ಕೊಡಲು ಎರಡೂವರೆಯಿಂದ ಮೂರು ವರ್ಷ ಬೇಕು.

2019ರ ನವೆಂಬರ್‌ನಲ್ಲಿ ಭಾರತವು ಪ್ರಾದೇಶಿಕ ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದದಿಂದ ಹೊರಗುಳಿದಾಗ ಹೈನುಗಾರರ ಸಂಘಟನೆಗಳು ಮುಂದಿಟ್ಟಿದ್ದ ಆತಂಕವೂ ಇದೇ ಆಗಿತ್ತು. ಕರ್ನಾಟಕದಲ್ಲಿ 1974ರಲ್ಲಿ ಹೈನುಗಾರಿಕೆ ಅಭಿವೃದ್ಧಿ ನಿಗಮವಾಗಿ ಆರಂಭವಾಗಿ, 1984ರಲ್ಲಿ ಹಾಲು ಮಹಾಮಂಡಳವಾದ ವ್ಯವಸ್ಥೆಯು 2024ರಲ್ಲಿ ದಿನಕ್ಕೆ ಒಂದು ಕೋಟಿ ಲೀಟರ್ ಸಂಗ್ರಹವನ್ನು ತಲುಪಿತು. ಈ ಸಂಗ್ರಹದ ತಳಹದಿ ಗ್ರಾಮ ಮಟ್ಟದ ಸಂಘಗಳು ಮತ್ತು ರೈತನ ಹೊಲದ ಮೇವು.

6. ನಮ್ಮ ಭಾಗದ ಸಮಸ್ಯೆ: ಮೇವಿನ ತಳಹದಿ

ನಮ್ಮಲ್ಲಿ ಪುಡಿಯ ಸ್ಪರ್ಧೆ ಇಲ್ಲದಿದ್ದರೂ ಮೇವಿನ ಕೊರತೆ ಇದೆ. ಭದ್ರಾ ಅಚ್ಚುಕಟ್ಟಿನ ಗದ್ದೆಗಳು ಅಡಿಕೆ ತೋಟಗಳಾಗುತ್ತಿರುವಂತೆ ಭತ್ತದ ಹುಲ್ಲು ಕಡಿಮೆಯಾಗುತ್ತಿದೆ. ಕೊಂಡು ತಂದ ಹಿಂಡಿ ಮತ್ತು ಹುಲ್ಲಿನ ಮೇಲೆ ನಡೆಯುವ ಕೊಟ್ಟಿಗೆಯು ಆಮದು ಪುಡಿಯ ಮೇಲೆ ನಡೆಯುವ ಅಡುಗೆಮನೆಯಂತೆಯೇ ದುರ್ಬಲ. ಈ ಹಿನ್ನೆಲೆಯಲ್ಲಿ ರೈತರು ಕೆಳಗಿನ ಕ್ರಮಗಳನ್ನು ಅನುಸರಿಸುವುದು ಸೂಕ್ತ.

• ಎಳೆಯ ಅಡಿಕೆ ತೋಟದಲ್ಲಿ ಮೊದಲ ಕೆಲವು ವರ್ಷ ಸಾಲುಗಳ ನಡುವೆ ಮೇವಿನ ಅಲಸಂದೆಯನ್ನು ಬೆಳೆಯಬೇಕು. ನೆರಳಿರುವ ತೆಂಗಿನ ತೋಟಕ್ಕೆ ಗಿನಿ ಹುಲ್ಲು ಸೂಕ್ತ. ಹೈಬ್ರಿಡ್ ನೇಪಿಯರ್ ಹುಲ್ಲಿಗೆ ಪೂರ್ಣ ಬಿಸಿಲು ಬೇಕು. ಅದನ್ನು ತೆರೆದ ಜಾಗದಲ್ಲಿ ಅಥವಾ ಕಾಲುವೆಯ ಬದಿಯಲ್ಲಿ ನಾಟಿ ಮಾಡಬೇಕು.
• ಬೇಲಿಯ ಉದ್ದಕ್ಕೂ ಗ್ಲಿರಿಸಿಡಿಯಾ ನೆಡಬೇಕು. ಶ್ರೀಲಂಕಾ ಇದನ್ನು ಚಹಾ, ರಬ್ಬರ್, ತೆಂಗಿನ ನಂತರದ ನಾಲ್ಕನೆಯ ತೋಟದ ಬೆಳೆಯೆಂದು ಘೋಷಿಸಿದೆ. ಸೊಪ್ಪಿನ ಒಣ ಪದಾರ್ಥದಲ್ಲಿ ಸುಮಾರು ಶೇ. 20ರಷ್ಟು ಪ್ರೋಟೀನು ಇರುತ್ತದೆ. ಕೊಯ್ದ ಸೊಪ್ಪನ್ನು ಬಾಡಿಸಿ, ಹಸಿ ಮೇವಿನ ಮೂರನೆಯ ಒಂದು ಭಾಗಕ್ಕೆ ಮೀರದಂತೆ, ರಾಸುಗಳಿಗೆ ಕ್ರಮೇಣ ರೂಢಿ ಮಾಡಿಸಬೇಕು.
• ಭತ್ತದ ಹುಲ್ಲಿನಲ್ಲಿ ಪ್ರೋಟೀನು ಶೇ. 3ರಿಂದ 4 ಮಾತ್ರ. 100 ಕಿ.ಗ್ರಾಂ ಒಣ ಹುಲ್ಲಿಗೆ 4 ಕಿ.ಗ್ರಾಂ ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಸಿಂಪಡಿಸಿ, ಗಾಳಿಯಾಡದಂತೆ 21 ದಿನ ಮುಚ್ಚಿಟ್ಟರೆ ಗುಣಮಟ್ಟ ಹೆಚ್ಚುತ್ತದೆ. ತೆಗೆದ ಹುಲ್ಲನ್ನು ಗಾಳಿಗೆ ಹರಡಿ ವಾಸನೆ ಹೋದ ನಂತರ ಕೊಡಬೇಕು. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ಕೊಡಬಾರದು.
• ಜಿಡ್ಡು ಕಡಿಮೆ ಬಂದರೆ ನಾರಿನ ಮೇವು ಸಾಲುತ್ತಿಲ್ಲ ಎಂದು ತಿಳಿಯಬೇಕು. ಜಿಡ್ಡೇತರ ಘನಾಂಶ ಕಡಿಮೆ ಬಂದರೆ ಶಕ್ತಿ ಮತ್ತು ಪ್ರೋಟೀನಿನ ಕೊರತೆ ಅಥವಾ ಕೆಚ್ಚಲು ಬಾವು ಇರಬಹುದು, ಪಶುವೈದ್ಯರಿಗೆ ತೋರಿಸಬೇಕು.
• ಪ್ರತಿ 2.5 ಲೀಟರ್ ಹಾಲಿಗೆ 1 ಕಿ.ಗ್ರಾಂ ಪಶು ಆಹಾರ ಹಾಗೂ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಕೊಡಬೇಕು.

7. ಕುಡಿಕೆ ಮೊಸರು: ಒಂದು ಸಾಧ್ಯತೆ

ಎಮ್ಮೆ ಸಾಕುವ ಕುಟುಂಬಗಳು ಮತ್ತು ಮಹಿಳಾ ಸ್ವಸಹಾಯ ಸಂಘಗಳು ಸಣ್ಣ ಪ್ರಮಾಣದಲ್ಲಿ ಇದನ್ನು ಪ್ರಯತ್ನಿಸಬಹುದು. ಹಾಲನ್ನು ಚೆನ್ನಾಗಿ ಕುದಿಸಿ, ಸುಮಾರು 42 ಡಿಗ್ರಿ ಸೆಲ್ಸಿಯಸ್‌ಗೆ ಆರಿಸಿ, ಶೇ. 1ರಿಂದ 2ರಷ್ಟು ಹುಳಿಯಿಲ್ಲದ ಹೊಸ ಹೆಪ್ಪನ್ನು ಬೆರೆಸಿ, ತೊಳೆದು ಬಿಸಿಲಿಗೆ ಒಣಗಿಸಿದ ಕುಡಿಕೆಗಳಿಗೆ ತುಂಬಬೇಕು. ಕುಡಿಕೆಗಳನ್ನು ಆರರಿಂದ ಎಂಟು ಗಂಟೆ ಅಲುಗಾಡಿಸದೆ ಬೆಚ್ಚಗೆ ಇಟ್ಟು, ಹೆಪ್ಪಾದ ಕೂಡಲೇ ತಂಪು ಜಾಗಕ್ಕೆ ಸಾಗಿಸಬೇಕು. ಮಾರಾಟಕ್ಕೆ ಆಹಾರ ಸುರಕ್ಷತಾ ನೋಂದಣಿ ಕಡ್ಡಾಯ. ಬೇಡಿಕೆಯನ್ನು ಖಚಿತಪಡಿಸಿಕೊಂಡ ನಂತರವೇ ಪ್ರಮಾಣವನ್ನು ಹೆಚ್ಚಿಸಬೇಕು. ಸಂಘಕ್ಕೆ ಹಾಕುವ ಹಾಲನ್ನು ಪೂರ್ತಿಯಾಗಿ ನಿಲ್ಲಿಸುವುದು ಸೂಕ್ತವಲ್ಲ.

ಸಾರಾಂಶ

ಎರಡು ದೇಶಗಳ ಹವಾಗುಣದಲ್ಲಿ ಹೋಲಿಕೆ ಇದ್ದರೂ ಹಾಲಿನ ಉತ್ಪನ್ನಗಳಲ್ಲಿ ಇಷ್ಟು ಅಂತರ ಉಂಟಾಗಲು ಮುಖ್ಯ ಕಾರಣ ಹಾಲನ್ನು ಪ್ರತಿದಿನ ಕೊಳ್ಳುವ ವ್ಯವಸ್ಥೆ ಮತ್ತು ಅದನ್ನು ಬಗೆಬಗೆಯಾಗಿ ಬಳಸುವ ಅಡುಗೆಮನೆ. ಶ್ರೀಲಂಕಾದ ಕುಡಿಕೆ ಮೊಸರು ಮತ್ತು ಬೇಲಿಯ ಗ್ಲಿರಿಸಿಡಿಯಾ ನಾವು ಅನುಸರಿಸಲು ಯೋಗ್ಯವಾದವು. ಆಮದು ಪುಡಿಯ ಅವಲಂಬನೆ ನಮಗೆ ಎಚ್ಚರಿಕೆ. ಪ್ರತಿ ಹೈನುಗಾರ ಕುಟುಂಬವೂ ತನ್ನ ಜಮೀನಿನ ಒಂದು ಭಾಗವನ್ನು ಮೇವಿಗಾಗಿ ಮೀಸಲಿಡುವುದು ಹಾಲಿನ ಆದಾಯವನ್ನು ಸ್ಥಿರವಾಗಿ ಉಳಿಸಿಕೊಳ್ಳುವ ಮೊದಲ ಹೆಜ್ಜೆಯಾಗಿದೆ.