ದವಸದ ಕೋಣೆ ಬೇರೆ, ಔಷಧಿಯ ಕೋಣೆ ಬೇರೆ

ಸಂಘದ ಬೆಳ್ಳಿ ಹಬ್ಬದ ಈ ಸಂಚಿಕೆಯಲ್ಲಿ ಷೇರು, ಠೇವಣಿ, ಸಾಲ ವಸೂಲಿಯ ಲೆಕ್ಕಗಳು ಬೇರೆ ಪುಟಗಳಲ್ಲಿ ಇವೆ. ನಾವು ಇಲ್ಲಿ ಹೇಳಹೊರಟಿರುವುದು ನಮ್ಮ ಗೋದಾಮಿನ ಒಂದು ಸಣ್ಣ ಕಟ್ಟಳೆಯ ಚರಿತ್ರೆ. ಪಡಿತರದ ಅಕ್ಕಿ ಇರುವ ಕೋಣೆಯಲ್ಲಿ ಬೆಳೆಯ ಔಷಧಿ ಇಡಬಾರದು ಎಂಬುದೇ ಆ ಕಟ್ಟಳೆ. ಎರಡು ಹೆಜ್ಜೆ ಜಾಸ್ತಿ ನಡೀಬೇಕಲ್ಲ ಅಂತ ಗೊಣಗುವವರು ಈಗಲೂ ಇದ್ದಾರೆ. ಈ ಕಟ್ಟಳೆಯ ಹಿಂದೆ ನೂರಕ್ಕೂ ಹೆಚ್ಚು ಜನರ ಸಾವಿದೆ ಎಂಬುದು ಗೊತ್ತಾದರೆ ಯಾರೂ ಗೊಣಗಲಾರರು.

ನಮ್ಮ ಹಿರಿಯರ ಕಾಲದಲ್ಲಿ ರಾಗಿ ಹಗೇವಿನಲ್ಲಿ, ಭತ್ತ ಕಣಜದಲ್ಲಿ ಇರುತ್ತಿತ್ತು. ಬಿತ್ತನೆಯ ಅವರೆ, ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸುತ್ತಿದ್ದರು. ಕೆಲವರು ಬೇಳೆಗೆ ಹರಳೆಣ್ಣೆ ಸವರಿ ಗುಡಾಣಕ್ಕೆ ತುಂಬುತ್ತಿದ್ದರು. ಹುಳಕ್ಕೆ ಬೂದಿ, ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಇದ್ದವು. ಹಾಗಂತ ಹಳೆಯದರಲ್ಲಿ ಅಪಾಯವೇ ಇರಲಿಲ್ಲ ಅನ್ನೋಕಾಗಲ್ಲ. ಹಗೇವಿನ ಬಾಯಿ ತೆಗೆದ ಕೂಡಲೇ ಇಳಿದು, ಒಳಗೆ ತುಂಬಿದ ಕೆಟ್ಟ ಗಾಳಿಯಿಂದ ಉಸಿರುಕಟ್ಟಿ ಸತ್ತವರುಂಟು. ಅದಕ್ಕೇ ಮೊದಲು ದೀಪ ಇಳಿಬಿಡುವುದು, ದೀಪ ಆರಿದರೆ ಮನುಷ್ಯ ಇಳಿಯಬಾರದು ಎಂಬ ಪದ್ಧತಿ ಬಂತು. ಅಪಾಯ ಎಲ್ಲಿದೆ ಎಂಬುದು ಅವರಿಗೆ ತಿಳಿದಿತ್ತು.

ಆಮೇಲೆ ಬಂತು ಬಿಳಿ ಪೌಡರಿನ ಕಾಲ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಮನೆ ಮನೆಯ ಗೋಡೆಗೆ ಡಿ.ಡಿ.ಟಿ. ಹೊಡೆದರು. ಚಳಿಜ್ವರದಿಂದ ಎಷ್ಟೋ ಊರುಗಳು ಉಳಿದುಕೊಂಡವು, ಆ ಉಪಕಾರ ಮರೆಯುವಂತಿಲ್ಲ. ಆದರೆ ಗೋಡೆಗೆ ಬಂದ ಪೌಡರು ಅಲ್ಲಿಗೇ ನಿಲ್ಲಲಿಲ್ಲ. ಡಿ.ಡಿ.ಟಿ., ಬಿ.ಎಚ್.ಸಿ. ಎರಡೂ ಕಾಳಿನ ಚೀಲಕ್ಕೂ ಬಂದವು, ತಲೆ ಹೇನಿಗೂ ಬಂದವು. ನಾವೆಲ್ಲ ಅದನ್ನು ‘ಔಷಧಿ’ ಅಂತಲೇ ಕರೆದೆವು. ಹೆಸರೇ ಔಷಧಿ ಆದ ಮೇಲೆ ಭಯ ಎಲ್ಲಿಂದ ಬರಬೇಕು? ಇವು ಬೇಗ ಕರಗಿ ಹೋಗುವ ವಸ್ತುಗಳಲ್ಲ. ಹುಲ್ಲಿನಿಂದ ದನಕ್ಕೆ, ದನದಿಂದ ಹಾಲು ತುಪ್ಪಕ್ಕೆ, ತಾಯಿಯ ಎದೆಹಾಲಿಗೂ ಸೇರುತ್ತವೆ. ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ.

ದೇಶದ ಕಣ್ಣು ತೆರೆಸಿದ್ದು 1958ರ ದುರಂತ. ಕೇರಳ ಮತ್ತು ಮದ್ರಾಸು ರಾಜ್ಯಗಳಲ್ಲಿ ಗೋಧಿ ಹಿಟ್ಟಿನ ತಿಂಡಿ ತಿಂದ ಜನ ಒಬ್ಬರ ಹಿಂದೊಬ್ಬರು ಬಿದ್ದರು. ನೂರಕ್ಕೂ ಹೆಚ್ಚು ಜನ ಸತ್ತರು. ಆಹಾರದ ಚೀಲಗಳ ಜೊತೆಯಲ್ಲೇ ಹಡಗಿನಲ್ಲಿ ಬಂದ ಫಾಲಿಡಾಲ್, ಅಂದರೆ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸೋರಿ ಹಿಟ್ಟಿಗೆ ಸೇರಿತ್ತು. ಯಾರೂ ಬೇಕೂಂತ ಹಾಕಿದ್ದಲ್ಲ. ಅನ್ನ ಮತ್ತು ವಿಷ ಅಕ್ಕಪಕ್ಕ ಪ್ರಯಾಣ ಮಾಡಿದವು, ಅಷ್ಟೆ.

ಕೇಂದ್ರ ಸರ್ಕಾರ ವಿಚಾರಣಾ ಆಯೋಗ ನೇಮಿಸಿತು. ಹತ್ತು ವರ್ಷದ ಮೇಲೆ 1968ರಲ್ಲಿ ಕೀಟನಾಶಕ ಕಾಯಿದೆ, 1971ರಲ್ಲಿ ಅದರ ನಿಯಮಗಳು ಬಂದವು. ಆಹಾರ ವಸ್ತು ಇಡುವ ಕಡೆಯಿಂದ ದೂರ, ಬೇರೆ ಕೋಣೆಯಲ್ಲೇ ಕೀಟನಾಶಕ ಇಡಬೇಕು, ಖಾಲಿ ಡಬ್ಬಿಯನ್ನು ಮತ್ತೆ ಬಳಸದಂತೆ ಒಡೆದು ವಾಸದ ಜಾಗದಿಂದ ದೂರ ಹೂಳಬೇಕು ಎಂದು ಆ ನಿಯಮಗಳಲ್ಲಿದೆ. ಡಬ್ಬಿಯ ಮೇಲಿನ ಚೌಕದ ಬಣ್ಣವೂ ಅಲ್ಲಿಂದಲೇ ಬಂದದ್ದು. ಕೆಂಪು ಎಂದರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರೂ ವಿಷವೇ, ತೀವ್ರತೆ ಕಡಿಮೆ.

ಮುಂದೆ ಒಂದೊಂದಾಗಿ ಕೆಲವು ವಿಷಗಳು ಹೋದವು. 1989ರಲ್ಲಿ ಬೇಸಾಯಕ್ಕೆ ಡಿ.ಡಿ.ಟಿ. ಬಳಕೆ ನಿಂತಿತು. 1997ರಲ್ಲಿ ಬಿ.ಎಚ್.ಸಿ. ನಿಷೇಧವಾಯಿತು. ಗೇರು ತೋಟಗಳಿಗೆ ಆಕಾಶದಿಂದ ಎಂಡೋಸಲ್ಫಾನ್ ಸುರಿದ ಕಾಸರಗೋಡು, ದಕ್ಷಿಣ ಕನ್ನಡದ ಜನರ ಗೋಳು ದೇಶವೆಲ್ಲ ಕೇಳಿದ ಮೇಲೆ, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನೂ ತಡೆಯಿತು.

ಕಾನೂನು ಬಂತು, ಡಬ್ಬಿ ಮಾತ್ರ ಮನೆಯಲ್ಲೇ ಉಳಿಯಿತು. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಹಳ್ಳಿಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ತೀರಿಕೊಂಡರು. ಅಡುಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಇದ್ದದ್ದು ಪರೀಕ್ಷೆಯಲ್ಲಿ ಗೊತ್ತಾಯಿತು. ಕೀಟನಾಶಕ ಇದ್ದ ಡಬ್ಬಿಗೆ ಎಣ್ಣೆ ತುಂಬಿರಬೇಕು ಎಂಬ ಶಂಕೆ ಬಂತು. 1958ಕ್ಕೂ 2013ಕ್ಕೂ 55 ವರ್ಷ. ತಪ್ಪು ಮಾತ್ರ ಅದೇ.

ಸದಸ್ಯ ಬಂಧುಗಳೇ, ಅಕ್ಕ ತಂಗಿಯರೇ, ಆದ್ದರಿಂದ ನಮ್ಮ ವಿನಂತಿ ಇಷ್ಟು. ಔಷಧಿಯ ಡಬ್ಬಿ ಎಷ್ಟೇ ಗಟ್ಟಿಯಾಗಿರಲಿ, ಎಷ್ಟೇ ತೊಳೆದಿರಲಿ, ನೀರಿಗೆ, ಎಣ್ಣೆಗೆ, ಕಾಳಿಗೆ ಬೇಡ. ಮೂರು ಸಲ ಜಾಲಿಸಿ, ಆ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಸುರಿದು, ತೂತು ಮಾಡಿಬಿಡಿ. ಔಷಧಿಯನ್ನು ತಂಪು ಪಾನೀಯದ ಬಾಟಲಿಗೆ ಬಗ್ಗಿಸಿ ಇಡಬೇಡಿ, ಮಕ್ಕಳಿಗೆ ಗೊತ್ತಾಗಲ್ಲ. ಕಾಳಿಗೆ ಹಾಕುವ ಹುಳದ ಮಾತ್ರೆ, ಅಂದರೆ ಅಲ್ಯೂಮಿನಿಯಂ ಫಾಸ್ಫೈಡ್, ತೇವ ತಗಲಿದರೆ ವಿಷಾನಿಲ ಬಿಡುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ಜನ ಮಲಗುವ ಮನೆಯೊಳಗೆ ಅದು ಬರಲೇಕೂಡದು. ತರಕಾರಿ ತೊಳೆದರೆ ಮೇಲಿನದು ಹೋದೀತು. ಗಿಡದ ಒಳಗೇ ಇಳಿಯುವ ಔಷಧಿ ನೀರಿಗೆ ಹೋಗುವುದಿಲ್ಲ. ಆದ್ದರಿಂದ ಸಿಂಪಡಿಸಿ ಎಷ್ಟು ದಿನದ ಮೇಲೆ ಕೊಯ್ಯಬೇಕೆಂದು ಚೀಟಿಯಲ್ಲಿ ಬರೆದಿದೆಯೋ ಅಷ್ಟು ದಿನ ಕಾಯಲೇಬೇಕು, ಸಂತೆಗೆ ಕಳಿಸುವುದಾದರೂ ಸರಿ. ಅಲ್ಲಿ ಕೊಳ್ಳುವವರೂ ಮಕ್ಕಳೊಂದಿಗರೇ. ಯಾರಿಗಾದರೂ ವಿಷ ತಗಲಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ, ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.

ಗೊಬ್ಬರ, ಔಷಧಿ, ಪಡಿತರ ಒಂದೇ ಸೂರಿನಡಿ ಸಿಗಲಿ ಎಂಬುದು ರೈತನ ಅನುಕೂಲಕ್ಕೆ. ಆ ಸೂರಿನ ಕೆಳಗೆ ನಡುಗೋಡೆಯೊಂದು ಇರಲೇಬೇಕು. ನಿಮ್ಮ ಮನೆಯಲ್ಲೂ ಅಂಥದೊಂದು ಗೋಡೆ, ಕಡೇಪಕ್ಷ ಬೀಗ ಇರುವ ಒಂದು ಪೆಟ್ಟಿಗೆ ಇರಲಿ ಎಂದು ಈ ಬೆಳ್ಳಿ ಹಬ್ಬದ ದಿನ ಕೇಳಿಕೊಳ್ಳುತ್ತೇವೆ.