ಒಂಟಿ ಮಿನಾರು

ಮಾನ್ವಿಯಲ್ಲಿ ಮೂವತ್ತು ವರ್ಷ ಲೆಕ್ಕ ಕಲಿಸಿದವನು ನಾನು. ರಾಯಚೂರಿಗೆ ಬಂದಾಗೆಲ್ಲ ಏಕ್ ಮಿನಾರ್ ಮಸೀದಿಯ ಮುಂದೆ ಒಂದು ಗಳಿಗೆ ನಿಲ್ಲುವುದು ರೂಢಿ. ಒಮ್ಮೆ ಛತ್ರಿಯನ್ನು ನೆಟ್ಟಗೆ ಹಿಡಿದು, ಅದರ ನೆರಳು ಅದರಷ್ಟೇ ಉದ್ದವಾಗುವ ತನಕ ಕಾದು, ಮಿನಾರಿನ ನೆರಳು ಅಳೆಯಲು ಹೊರಟೆ. ನೆರಳು ನಾಲ್ಕು ಮಾರು ಹೋಗಿ ಪಕ್ಕದ ಗೋಡೆ ಹತ್ತಿಬಿಟ್ಟಿತು! ಚಹಾ ಕುಡಿಯುತ್ತಿದ್ದ ಹಿರಿಯರೊಬ್ಬರು, "ಏನ್ರಿ ಮಾಸ್ತರ್ರ, ಜಾಗಾ ಖರೀದಿ ಮಾಡ್ತೀರೇನು?" ಅಂದರು. ಕಡೆಗೆ ಪುಸ್ತಕದ ಲೆಕ್ಕವೇ ಗತಿಯಾಯಿತು: ಎತ್ತರ 65 ಅಡಿ, ಅಡ್ಡಳತೆ 10 ಅಡಿ.

ಬುಡದಿಂದ ಮೇಲಕ್ಕೆ ಸಣ್ಣಗಾಗುತ್ತ ಹೋಗುವ ದುಂಡು ಗೋಪುರವಿದು. ಎರಡು ಅಂತಸ್ತು, ಎರಡಕ್ಕೂ ಕಿಟಕಿ. ಸುತ್ತ ಹೊರಚಾಚಿದ ಮೊಗಸಾಲೆ, ಅದಕ್ಕೆ ಕಲ್ಲಿನ ಕಟಾಂಜನ. ನೆತ್ತಿಯ ಮೇಲೆ ಬಹಮನಿ ಮಾದರಿಯ ಗುಮ್ಮಟ. ಒಳಗೆ ಸುತ್ತುಮೆಟ್ಟಿಲು. ದೌಲತಾಬಾದಿನ ಚಾಂದ್ ಮಿನಾರಿನ ಬಳಗದ್ದು. ಬೀದರದಲ್ಲಿ ಮಹಮೂದ್ ಗಾವಾನನ ಮದರಸಾಕ್ಕೂ ಈಗ ಒಂದೇ ಮಿನಾರು, ಆದರೆ ಅಲ್ಲಿ ಜೊತೆಯದು ಬಿದ್ದುಹೋಯಿತು. ಇಲ್ಲಿ ಕಟ್ಟಿದ್ದೇ ಒಂದು.

ಕಟ್ಟಿಸಿದವನು ಅಂಬರ್ ಎಂಬಾತ, ಹಿಜರಿ 919ರಲ್ಲಿ, ಅಂದರೆ 1513-14ರಲ್ಲಿ. ಬಾಗಿಲ ಮೇಲಿನ ಪಾರಸಿ ಶಾಸನದಿಂದ ತಿಳಿಯುವ ಮಾತಿದು. ಆಫ್ರಿಕಾದಿಂದ ಮಾರಾಟವಾಗಿ ಬಂದ ಹಬಶಿಗಳಿಗೆ ಇಡುತ್ತಿದ್ದ ಹೆಸರು ಅಂಬರ್. ಸುಗಂಧ ದ್ರವ್ಯದ ಹೆಸರು. ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಜೊತೆಗಿರುವ ದೊರೆಯ ಹೆಸರು: ಮಹಮೂದ್ ಶಾಹ ಬಹಮನಿ. ಆ ಹೊತ್ತಿಗೆ ಈ ಸುಲ್ತಾನ ಬೀದರದಲ್ಲಿ ತನ್ನ ಮಂತ್ರಿಗಳಾದ ಬರೀದರ ಕೈಗೊಂಬೆ. ರಾಯಚೂರು ಬಿಜಾಪುರದ ಆದಿಲ್ ಶಾಹಿಗಳ ಕೈಯಲ್ಲಿತ್ತು. ಆದರೂ ಅಂಬರ್ ಹಳೆಯ ದೊರೆಯ ಕಾಲವೆಂದೇ ಕೆತ್ತಿಸಿದ. ನಿಷ್ಠೆಯೋ, ರಿವಾಜೋ? ರಿವಾಜೆಂದೇ ನನ್ನ ಎಣಿಕೆ. ಆದಿಲ್ ಶಾಹಿಗಳೇ ಆಗ ಬಾಯಲ್ಲಿ ಬಹಮನಿಗಳ ಸೇವಕರು.

ಏಳು ವರ್ಷ ಕಳೆಯುವಷ್ಟರಲ್ಲಿ, 1520ರಲ್ಲಿ, ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ರಾಯಚೂರಿನ ಕೋಟೆ ಗೆದ್ದ. ಆಮೇಲೆ ಊರು ಮತ್ತೆ ಬಿಜಾಪುರಕ್ಕೆ, ಮುಂದೆ ನಿಜಾಮರಿಗೆ. ಮಿನಾರು ನಿಂತಲ್ಲೇ ನಿಂತಿದೆ.

ಕೋಟೆಗೆ ಬಂದವರೆಲ್ಲ 1294ರ ಶಾಸನವಿರುವ 41 ಅಡಿಯ ಕಲ್ಲಿನ ಮುಂದೆ ಫೋಟೊ ತೆಗೆಸಿಕೊಂಡು ಬಸ್ ಹಿಡಿಯುತ್ತಾರೆ. ಬಸ್ಸಿಗೆ ಇನ್ನೂ ಅರ್ಧ ತಾಸಿದ್ದರೆ ಇತ್ತ ಬನ್ನಿ. ನಮಾಜಿನ ಹೊತ್ತು ಬಿಟ್ಟು, ಅಲ್ಲಿಯವರನ್ನು ಕೇಳಿಕೊಂಡು ಒಳಗೆ ಹೋಗಿ.